ಹ್ಯಾಂಡಲಿನ ಎತ್ತರಕ್ಕೆ ಅಳತೆಯೊಂದನ್ನು ಬರೆದು ಕೊಡಿ

ರಾಜ್ಯದ ಸನ್ಮಾನ್ಯ ಸಾರಿಗೆ ಸಚಿವರಿಗೆ,

ನಮಸ್ಕಾರಗಳು. ನಾನು ತೀರ್ಥಹಳ್ಳಿ ತಾಲ್ಲೂಕಿನ ಅಡಿಕೆ ಬೆಳೆಗಾರ. ಶಿವಮೊಗ್ಗದ ಮಂಡಿಗೆ ಹೋಗುವುದಕ್ಕೂ ಆಗುಂಬೆ ಘಾಟಿ ಇಳಿದು ಮಣಿಪಾಲದ ಆಸ್ಪತ್ರೆಗೆ ಹೋಗುವುದಕ್ಕೂ ನನಗಿರುವುದು ಒಂದೇ ಬೈಕು. ಬೆನ್ನುನೋವಿನಿಂದ ಬಗ್ಗಿ ಕೂರಲಾಗದೆ, ಹೋದ ವರ್ಷ ಹ್ಯಾಂಡಲಿನ ಬುಡಕ್ಕೆ ಕೂರಿಸುವ ರೈಸರ್ ಎಂಬ ಬಿಡಿಭಾಗ ಹಾಕಿಸಿ ಹ್ಯಾಂಡಲನ್ನು ಒಂದೂವರೆ ಇಂಚು ಎತ್ತರಿಸಿಕೊಂಡೆ. ಕಳೆದ ತಿಂಗಳು ತಪಾಸಣೆಗೆ ನಿಂತಿದ್ದ ಅಧಿಕಾರಿಯೊಬ್ಬರು ಅದನ್ನು ನೋಡಿಯೂ ಕಳುಹಿಸಿಕೊಟ್ಟರು; ಎಂಟು ದಿನಗಳ ನಂತರ ಇನ್ನೊಬ್ಬರು ಅದೇ ಬೈಕನ್ನು ನಿಲ್ಲಿಸಿ 5,000 ರೂಪಾಯಿ ದಂಡದ ಮಾತೆತ್ತಿದರು. ಎಷ್ಟು ಎತ್ತರದವರೆಗೆ ಇರಬಹುದೆಂದು ವಿನಯದಿಂದಲೇ ಕೇಳಿದೆ. ಅವರ ಬಳಿಯೂ ಅಳತೆ ಇರಲಿಲ್ಲ.

ನೋಂದಣಿ ಪತ್ರದ ವಿವರಗಳು ತಯಾರಕರು ಮೂಲದಲ್ಲಿ ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸಬಾರದೆಂದು 1988ರ ಮೋಟಾರು ವಾಹನಗಳ ಕಾಯ್ದೆಯ ಸೆಕ್ಷನ್ 52 ಹೇಳುತ್ತದೆ; ಮಾರ್ಪಾಡೆಂದರೆ ವಾಹನದ ಮೂಲ ಲಕ್ಷಣವೇ ಬದಲಾಗುವಂಥ ರಚನೆಯ ಬದಲಾವಣೆ ಎಂಬ ವಿವರಣೆಯೂ ಅಲ್ಲಿಯೇ ಇದೆ. 2019ರ ತಿದ್ದುಪಡಿಯಲ್ಲಿ ಬದಲಾದ ಸೆಕ್ಷನ್ 182ಎ ಪ್ರಕಾರ ಅನುಮತಿಯಿಲ್ಲದ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೇ ಎರಡನ್ನೂ ವಿಧಿಸಬಹುದು. ಆದರೆ ನನ್ನ ಆರ್‌ಸಿಯಲ್ಲಿ ಎಂಜಿನ್ ಮತ್ತು ಚಾಸಿ ಸಂಖ್ಯೆ, ಬಣ್ಣ, ತೂಕ ಇವೆಯೇ ಹೊರತು ಹ್ಯಾಂಡಲಿನ ಎತ್ತರವಿಲ್ಲ. ಅಮೆರಿಕದ ಹಲವು ರಾಜ್ಯಗಳಲ್ಲಿ ಹಿಡಿಕೆಯು ಸವಾರನ ಹೆಗಲಿನ ಮಟ್ಟವನ್ನು, ಇಲ್ಲವೇ ಸೀಟಿನಿಂದ ಇಂತಿಷ್ಟು ಇಂಚನ್ನು ಮೀರಬಾರದೆಂದು ಕಾನೂನೇ ಗೆರೆ ಎಳೆದಿದೆ. ಟೇಪು ಹಿಡಿದರೆ ಪೊಲೀಸರಿಗೂ ಸವಾರನಿಗೂ ಒಂದೇ ಉತ್ತರ ಸಿಗುತ್ತದೆ.

ಮಿತಿಯೇ ಬೇಡವೆಂದು ನಾನು ಹೇಳುತ್ತಿಲ್ಲ. ಹ್ಯಾಂಡಲನ್ನು ಎತ್ತರಿಸಿ ಹಳೆಯ ಕೇಬಲನ್ನೇ ಉಳಿಸಿದರೆ, ಪೂರ್ತಿ ತಿರುಗಿಸಿದಾಗ ಆಕ್ಸಿಲರೇಟರ್ ಕೇಬಲ್ ಬಿಗಿದು ಎಂಜಿನ್ ತಾನಾಗಿ ರೇಸ್ ಆಗಬಹುದು, ಬ್ರೇಕಿನ ಹೋಸ್ ಎಳೆದುಕೊಳ್ಳಬಹುದು. ಮಳೆಗಾಲದಲ್ಲಿ, ಮಂಜು ಕವಿದ ಆಗುಂಬೆಯ ಕಡಿದಾದ ತಿರುವಿನಲ್ಲಿ ಹೀಗಾದರೆ ಏನಾದೀತೆಂದು ಇಲ್ಲಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ಹೆಗಲಿಗಿಂತ ಮೇಲೆ ಕೈಯೆತ್ತಿ ಹಿಡಿಯುವ ಹ್ಯಾಂಡಲುಗಳನ್ನು ತಡೆಯಲೇಬೇಕು. ಅವಕ್ಕೂ ಬೆನ್ನಿಗಾಗಿ ಹಾಕಿಸಿದ ರೈಸರಿಗೂ ಒಂದೇ ದಂಡವೆನ್ನುವುದು ಮಾತ್ರ ನನಗೆ ನ್ಯಾಯವಾಗಿ ಕಾಣುವುದಿಲ್ಲ.

ಆದ್ದರಿಂದ ಹ್ಯಾಂಡಲಿನ ವಿಷಯದಲ್ಲಿ ಸೆಕ್ಷನ್ 52 ಎಲ್ಲಿಯವರೆಗೆ ಅನ್ವಯಿಸುತ್ತದೆಂಬುದನ್ನು ಆರ್‌ಟಿಒ ಕಚೇರಿಗಳಿಗೂ ಪೊಲೀಸ್ ಠಾಣೆಗಳಿಗೂ ಸುತ್ತೋಲೆಯ ಮೂಲಕ ತಿಳಿಸಬೇಕು. ಇಂಚಿನಲ್ಲಿ ಮಿತಿ ಗೊತ್ತುಪಡಿಸುವಂತೆ ಕೇಂದ್ರ ಸರ್ಕಾರಕ್ಕೂ ಬರೆಯಬೇಕೆಂದು ಕೋರುತ್ತೇನೆ. ಅಂಥ ಸುತ್ತೋಲೆ ಹೊರಬಿದ್ದ ದಿನವೇ ನನ್ನ ಬೈಕನ್ನು ಶಿವಮೊಗ್ಗದ ಆರ್‌ಟಿಒ ಕಚೇರಿಗೆ ತಂದು ನಿಲ್ಲಿಸುತ್ತೇನೆ. ಅಳತೆ ಮೀರಿದ್ದರೆ ಅಲ್ಲೇ ರೈಸರ್ ಬಿಚ್ಚಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ತೀರ್ಥಹಳ್ಳಿ ತಾಲ್ಲೂಕಿನ ಒಬ್ಬ ಬೈಕ್ ಸವಾರ