ಹಸಿರುಗಟ್ಟಿದ ನೀರಿಗೆ ಇನ್ನು ಮೈಲುತುತ್ತ ಕೊಡುವುದಿಲ್ಲ

ಎಲ್ಲರಿಗೂ ನಮಸ್ಕಾರ,

ಕೊಳದ ನೀರು ಹಸಿರಾಗಿದೆ ಎಂದು ನೀವು ಬಂದಾಗಲೆಲ್ಲ ಇಷ್ಟು ದಿನ ಪಾಚಿ ಕೊಲ್ಲುವ ಮೈಲುತುತ್ತ (ಕಾಪರ್ ಸಲ್ಫೇಟ್) ತೂಗಿ ಕೊಡುತ್ತಿದ್ದೆವು. ಈ ತಿಂಗಳಿಂದ ನಿಲ್ಲಿಸಿದ್ದೇವೆ. ಮೊದಲು ನೀರಿನಲ್ಲಿ ರಂಜಕ (ಫಾಸ್ಫರಸ್) ಎಷ್ಟಿದೆ ಎಂದು ನೋಡುತ್ತೇವೆ, ಮಿಕ್ಕ ಮಾತು ಆಮೇಲೆ.

ತಪ್ಪು ನಮ್ಮದೇ ಆದ್ದರಿಂದ ಕಾರಣ ಹೇಳಲೇಬೇಕು. ಕಳೆದ ಬೇಸಿಗೆಯಲ್ಲಿ ಒಬ್ಬರ ಮೀನಿನ ಕೊಳಕ್ಕೆ ನಾವೇ ಹೋಗಿ ಮೈಲುತುತ್ತ ಹಾಕಿ ಬಂದೆವು. ಎರಡು ದಿನಕ್ಕೆ ನೀರು ತಿಳಿಯಾಯಿತು. ಮೂರನೇ ದಿನ ಬೆಳಿಗ್ಗೆ ನೋಡಿದರೆ ಮೀನುಗಳೆಲ್ಲ ಮೇಲೆ ಬಂದು ಬಾಯಿ ಬಿಡುತ್ತಿದ್ದವು. ಸತ್ತ ಪಾಚಿ ಕೊಳೆಯುತ್ತಾ ನೀರಿನ ಆಮ್ಲಜನಕವನ್ನು ಖಾಲಿ ಮಾಡಿತ್ತು. ಮೂರೇ ವಾರದಲ್ಲಿ ಹಸಿರು ವಾಪಸ್ ಬಂತು, ಮೊದಲಿಗಿಂತ ಜಾಸ್ತಿ. ಅವರಿಗೆ ಮುಖ ತೋರಿಸುವುದೇ ಕಷ್ಟವಾಯಿತು.

ಪಾಚಿ ಸತ್ತರೂ ಅದರ ಹೊಟ್ಟೆಯಲ್ಲಿದ್ದ ರಂಜಕ ಕೊಳದಲ್ಲೇ ಉಳಿಯಿತು, ಅಲ್ವಾ? ಅದನ್ನೇ ತಿಂದು ಮುಂದಿನ ಬೆಳೆ ಎದ್ದಿತು. ನಾವು ನೀಲಿ-ಹಸಿರು ಪಾಚಿ ಎನ್ನುವ ಈ ಸೈನೋಬ್ಯಾಕ್ಟೀರಿಯಾ 1 ಗ್ರಾಂ ರಂಜಕ ಸಿಕ್ಕರೆ ಸುಮಾರು 7 ಗ್ರಾಂ ಸಾರಜನಕ, 40 ಗ್ರಾಂ ಇಂಗಾಲ ಕೂಡಿಸಿಕೊಂಡು ಮೈ ಬೆಳೆಸುತ್ತದೆ. ಇಂಗಾಲ ಗಾಳಿಯಿಂದ ಬರುತ್ತದೆ, ಅನಾಬೀನಾ ತರಹದವು ಸಾರಜನಕವನ್ನೂ ಗಾಳಿಯಿಂದಲೇ ಹಿಡಿಯುತ್ತವೆ, ಆದರೆ ರಂಜಕ ಮಾತ್ರ ನೀರಿನಿಂದಲೇ ಸಿಗಬೇಕು. 1973ರಲ್ಲಿ ಕೆನಡಾದಲ್ಲಿ ಒಂದು ಸರೋವರಕ್ಕೆ ನಡುವೆ ಪರದೆ ಕಟ್ಟಿ, ಎರಡೂ ಕಡೆ ಇಂಗಾಲ, ಸಾರಜನಕ ಹಾಕಿ, ಒಂದೇ ಕಡೆ ರಂಜಕವನ್ನೂ ಸೇರಿಸಿ ನೋಡಿದರು. ಹಸಿರಾಗಿದ್ದು ಆ ಒಂದು ಕಡೆ ಮಾತ್ರ.

ಹಾಗಂತ ಯೂರಿಯಾ ಹರಿದು ಬಂದರೂ ಪರವಾಗಿಲ್ಲ ಅಂದುಕೊಳ್ಳಬೇಡಿ. ಮೈಕ್ರೋಸಿಸ್ಟಿಸ್ ಎಂಬ ಇನ್ನೊಂದು ನೀಲಿ-ಹಸಿರು ಪಾಚಿಗೆ ಗಾಳಿಯ ಸಾರಜನಕ ಹಿಡಿಯಲು ಬರುವುದಿಲ್ಲ, ಹರಿದು ಬಂದ ಯೂರಿಯಾ ಅದಕ್ಕೆ ಹಬ್ಬ. ಲೀಟರಿಗೆ ಸುಮಾರು 0.03 ಮಿಲಿಗ್ರಾಂ ರಂಜಕ ದಾಟಿದರೆ ನಾವು ಎಚ್ಚರವಾಗುತ್ತೇವೆ. ಸಿಕ್ಕಾಗ ಇವು ರಂಜಕ ಕೂಡಿಟ್ಟುಕೊಳ್ಳುತ್ತವೆ, ಆಮೇಲೆ ನೀರಿನಲ್ಲಿ ಸಿಗದಿದ್ದರೂ ಎರಡರಿಂದ ನಾಲ್ಕು ಸಲ ಇಬ್ಭಾಗವಾಗಿ ಹೆಚ್ಚಬಲ್ಲವು. ಅದಕ್ಕೇ ಕರಗಿದ ರಂಜಕ ಮಾತ್ರವಲ್ಲ, ಒಟ್ಟು ರಂಜಕ ಅಳೆಯುತ್ತೇವೆ.

ಇನ್ನೊಂದು ಭಯವೂ ಇದೆ. ಕೆಲವು ಸೈನೋಬ್ಯಾಕ್ಟೀರಿಯಾದ ಒಳಗೆ ವಿಷ ಇರುತ್ತದೆ. ಮೈಲುತುತ್ತ ಬಿದ್ದು ಅವು ಒಡೆದರೆ ವಿಷವೆಲ್ಲ ನೀರಿಗೆ ಸೇರುತ್ತದೆ, ಕುದಿಸಿದರೂ ಹೋಗುವುದಿಲ್ಲ. ಅಂಥ ನೀರನ್ನು ದನಕರುಗಳಿಗೂ ಕುಡಿಸಬೇಡಿ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಗಾಜಿನ ಬಾಟಲಿಯಲ್ಲಿ ಮುಕ್ಕಾಲು ಭಾಗ ಕೊಳದ ನೀರು ತುಂಬಿ ರಾತ್ರಿ ಅಲುಗಾಡಿಸದೆ ಸುಮ್ನೆ ಇಡಿ. ಬೆಳಿಗ್ಗೆ ಮೇಲೆ ಪೇಂಟ್ ಚೆಲ್ಲಿದ ಹಾಗೆ ಹಸಿರು ಪದರ ಕಟ್ಟಿದ್ದರೆ ಸೈನೋಬ್ಯಾಕ್ಟೀರಿಯಾ ಇರುವ ಸಾಧ್ಯತೆ ಹೆಚ್ಚು, ಅವು ಒಳಗೆ ಗಾಳಿ ತುಂಬಿಕೊಂಡು ತೇಲುತ್ತವೆ. ಬೇರೆ ಪಾಚಿ ಸಾಮಾನ್ಯವಾಗಿ ತಳಕ್ಕಿಳಿಯುತ್ತದೆ. ಆ ಪದರವನ್ನು ಬರಿಗೈಲಿ ಮುಟ್ಟಬೇಡಿ.

ನಮಗೆ ತರುವ ನೀರನ್ನು ಕೆನೆ ಸರಿಸಿ, ಮೊಳಕೈ ಆಳದಿಂದ, ಕೈಗವಸು ಹಾಕಿಕೊಂಡು ತುಂಬಿ. ಬಾಟಲಿಯನ್ನು ಸೋಪಿನಲ್ಲಿ ತೊಳೆಯಬೇಡಿ, ಸೋಪಿನಲ್ಲೂ ರಂಜಕ ಇರಬಹುದು. ಮೀನಿಗೆ ದಿನಕ್ಕೆ ಎಷ್ಟು ಮೇವು ಹಾಕುತ್ತೀರಿ, ಎಷ್ಟು ಉಳಿಯುತ್ತದೆ, ಮಳೆ ನೀರು ಎಲ್ಲಿಂದ ಹರಿದು ಬರುತ್ತದೆ ಎಂದು ಬರೆದುಕೊಂಡು ಬನ್ನಿ. ಒಡೆಯದ ಮೈಲುತುತ್ತದ ಪ್ಯಾಕೆಟ್ ಇದ್ದರೆ ತನ್ನಿ, ಹಣ ವಾಪಸ್ ಕೊಡುತ್ತೇವೆ.