ಆಟಕ್ಕುಂಟು, ಲೆಕ್ಕಕ್ಕೂ ಇರಲಿ

ಹನುಮಂತನಗರ, ಬೆಂಗಳೂರು

ಚಿ. ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ಮೊನ್ನೆ ಫೋನಿನಲ್ಲಿ ಅಳು ದನಿಯಲ್ಲಿ ಹೇಳಿದೆಯಲ್ಲ, ‘ದೊಡ್ಡಮ್ಮ, ಕನ್ನಡ, ಪರಿಸರದ ಜೊತೆಗೆ ಒಂದರಿಂದ ಮೂರನೇ ಕ್ಲಾಸಿನ ಪಿಟಿಯನ್ನೂ ನನ್ನ ತಲೆಗೇ ಕಟ್ಟಿದ್ದಾರೆ, ಇಡೀ ವರ್ಷದ ಪ್ಲಾನ್ ಬರೆದು ಕೊಡಬೇಕಂತೆ’ ಅಂತ. ಅಷ್ಟರಲ್ಲಿ ನಿನ್ನ ಬಸ್ಸು ಬಂತು, ಮಾತು ಅರ್ಧಕ್ಕೇ ನಿಂತಿತು. 31 ವರ್ಷ ಕೊರಳಿಗೆ ವಿಶಲ್ ನೇತು ಹಾಕಿಕೊಂಡು ಓಡಾಡಿದವಳು ನಾನು. ಹೇಳುವುದು ಬೇಕಾದಷ್ಟಿದೆ. ಫೋನಿನಲ್ಲಿ ಆಗುವ ಮಾತಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಿನಗೇ ಯಾಕೆ ಬಂತು ಅಂತ ಬೇಜಾರು ಮಾಡಿಕೊಳ್ಳಬೇಡ. 2009ರ ಶಿಕ್ಷಣ ಹಕ್ಕು ಕಾಯ್ದೆಯೇ ಹಾಗಿದೆ. ಪ್ರತಿ ಶಾಲೆಗೂ ಆಟದ ಮೈದಾನ ಇರಬೇಕು, ಆಟದ ಸಾಮಾನು ಇರಬೇಕು ಅನ್ನುತ್ತದೆ. ದೈಹಿಕ ಶಿಕ್ಷಣಕ್ಕೆ ಅರೆಕಾಲಿಕ ಶಿಕ್ಷಕರ ಮಾತು ಬರುವುದು ಮಾತ್ರ 6ರಿಂದ 8ನೇ ತರಗತಿಗೆ, ಅದೂ ಮಕ್ಕಳು 100ಕ್ಕಿಂತ ಜಾಸ್ತಿ ಇದ್ದರೆ. ಹಾಗಾಗಿ ಚಿಕ್ಕವರ ಆಟ ಎಷ್ಟೋ ಕಡೆ ಕ್ಲಾಸ್ ಟೀಚರ್ ಪಾಲಿಗೇ ಬರುತ್ತದೆ. ನನ್ನ ಕೇಳಿದರೆ ಅದು ಒಳ್ಳೆಯದೇ. ಯಾವ ಮಗು ತಿಂಡಿ ತಿನ್ನದೆ ಬಂದಿದೆ, ಯಾವ ಮಗುವಿಗೆ ಉಬ್ಬಸ ಇದೆ, ಯಾರು ಯಾರ ಕೈ ಹಿಡಿಯೋಲ್ಲ, ಇದೆಲ್ಲ ನಿನಗೆ ಗೊತ್ತಿರುತ್ತದೆ. ವಾರಕ್ಕೆರಡು ಸಲ ಬಂದು ಹೋಗುವ ನನ್ನಂಥವಳಿಗೆ ಎಲ್ಲಿಂದ ಗೊತ್ತಾಗಬೇಕು?

ಪ್ಲಾನಿಗೆ ಬರುವ ಮೊದಲು ನನ್ನದೇ ಒಂದು ತಪ್ಪು ಹೇಳುತ್ತೇನೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನನಗೆ ವಲಯ ಮಟ್ಟದ ಕ್ರೀಡಾಕೂಟ, ಕಪ್ಪು, ಪದಕ ಇದೇ ಹುಚ್ಚು. ಸಣ್ಣ ಕ್ಲಾಸಿಗೆ ಸುಮ್ನೆ ಜೂಟಾಟ ಆಡಿಸುತ್ತಿದ್ದೆ. ಜೂಟ್ ಆದವರು ಔಟ್, ಔಟಾದವರು ಕಾಂಪೌಂಡ್ ಗೋಡೆಗೆ ಒರಗಿ ನಿಲ್ಲಬೇಕು. ಎರಡನೇ ಕ್ಲಾಸಿನಲ್ಲಿ ಒಬ್ಬಳು ಹುಡುಗಿ, ದುಂಡಗೆ, ಎರಡು ಜಡೆ. ದಿನಾ ಮೊದಲು ಔಟಾಗುತ್ತಿದ್ದವಳು ಅವಳೇ. ಒಂದು ದಿನ ನಾನಿನ್ನೂ ವಿಶಲ್ ಊದಿರಲಿಲ್ಲ, ಅವಳು ಗೋಡೆ ಕಡೆ ನಡೆದು ಹೋಗುತ್ತಿದ್ದಾಳೆ. ‘ಎಲ್ಲಿಗೇ ಹೊರಟೆ?’ ಅಂದೆ. ತಿರುಗಿ, ಮುಖದಲ್ಲಿ ಏನೂ ಬೇಸರ ಇಲ್ಲದೆ ಹೇಳಿದಳು: ‘ಹೇಗೂ ಅಲ್ಲಿಗೇ ಹೋಗಬೇಕಲ್ಲ ಮಿಸ್.’

ಅವತ್ತು ಮನೆಗೆ ಬಂದು ಊಟ ಸೇರಲಿಲ್ಲ. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು. ಅವಳು ಲೆಕ್ಕ ಹಾಕಿಬಿಟ್ಟಿದ್ದಳು. ಬೀದಿಯಲ್ಲಿ ಆಡುವಾಗ ಸಣ್ಣವರನ್ನು ‘ಆಟಕ್ಕುಂಟು ಲೆಕ್ಕಕ್ಕಿಲ್ಲ’ ಅಂತ ಸೇರಿಸಿಕೊಳ್ಳುತ್ತಾರಲ್ವಾ? ಆ ಮಗು ಕೊನೆಯವರೆಗೂ ಓಡುತ್ತಾದರೂ ಇರುತ್ತದೆ. ನನ್ನ ಕ್ಲಾಸಿನಲ್ಲಿ ಅದೂ ಇರಲಿಲ್ಲ. ಚೆನ್ನಾಗಿ ಓಡುವವನು ಇಪ್ಪತ್ತು ನಿಮಿಷ ಓಡುತ್ತಿದ್ದ. ಓಡಲು ಬಾರದವಳು ಇಪ್ಪತ್ತು ನಿಮಿಷ ಗೋಡೆಗೆ ಒರಗಿ ನಿಲ್ಲುತ್ತಿದ್ದಳು.

ಮಾರನೇ ವಾರದಿಂದ ಔಟ್ ಅನ್ನುವುದನ್ನೇ ತೆಗೆದೆ. ಜೂಟ್ ಆದವರು ಗೋಡೆ ಮುಟ್ಟಿ, ಐದು ಸಲ ಕಪ್ಪೆ ಹಾರಿ, ಮತ್ತೆ ಆಟಕ್ಕೆ. ಹಿಡಿಯುವವರೂ ಒಬ್ಬರಲ್ಲ, ನಾಲ್ಕು ಜನ. ಇಷ್ಟೇ ಬದಲಾವಣೆ. ನೀನು ಯಾವ ಆಟ ಬೇಕಾದರೂ ತೆಗೆದುಕೋ, ಕೆರೆ-ದಡವೋ, ಕಲ್ಲು-ಮಣ್ಣೋ, ಮೊದಲು ಕೇಳಿಕೊಳ್ಳಬೇಕಾದ್ದು ಒಂದೇ: ಈ ಆಟದಲ್ಲಿ ಈಗ ಎಷ್ಟು ಮಕ್ಕಳು ಸುಮ್ನೆ ನಿಂತಿದ್ದಾರೆ?

ಒಂದು ಲೆಕ್ಕ ಹಾಕು. ನಿನ್ನ ಕ್ಲಾಸಿನಲ್ಲಿ 40 ಮಕ್ಕಳು. ನಿಜವಾಗಿ ಆಟಕ್ಕೆ ಸಿಗುವುದು 20 ನಿಮಿಷ. ಒಂದು ಚೆಂಡು, ಒಂದೇ ಸಾಲು ಅಂದರೆ ಒಬ್ಬೊಬ್ಬರ ಪಾಲಿಗೆ ಬರೋದು 30 ಸೆಕೆಂಡು. ಉಳಿದ ಹೊತ್ತು ಮುಂದಿನವನ ಷರಟು ಎಳೆಯುವುದು, ಜಡೆ ಜಗ್ಗುವುದು. ಆಮೇಲೆ ‘ಮಕ್ಕಳು ತುಂಬಾ ಗಲಾಟೆ’ ಅಂತ ದೂರು. ಅದೇ ಐದೈದು ಜನರ ಎಂಟು ಗುಂಪು ಮಾಡಿ, ಗುಂಪಿಗೊಂದು ಚೆಂಡು ಕೊಡು. ಒಬ್ಬರಿಗೆ 4 ನಿಮಿಷ. ಮಗುವಿಗೊಂದು ಕೊಟ್ಟರೆ ಪೂರ್ತಿ 20.

‘ಅಷ್ಟು ಚೆಂಡು ಎಲ್ಲಿಂದ ತರಲಿ’ ಅನ್ನುತ್ತೀಯ. ಚೆಂಡು ಬೇಡ ಕಣೇ. ಹಳೇ ಪ್ಯಾಂಟಿನ ಬಟ್ಟೆಯಲ್ಲಿ ಅಂಗೈಯಗಲದ ಚೀಲ ಹೊಲಿ, ಒಳಗೆ 100 ಗ್ರಾಂ ಕಾಳು ತುಂಬು. ನಾನು ಮೊದಲ ಸಲ ಹುರುಳಿಕಾಳು ತುಂಬಿದ್ದೆ. ದಸರಾ ರಜೆ ಮುಗಿಸಿ ಬಂದು ಸ್ಟೋರ್ ರೂಮ್ ಬಾಗಿಲು ತೆಗೆದರೆ ನಲವತ್ತೂ ಚೀಲ ಇಲಿ ಪಾಲು, ನೆಲದ ತುಂಬ ಹೊಟ್ಟು. ನಿಮ್ಮ ದೊಡ್ಡಪ್ಪ ಒಂದು ವಾರ ನಕ್ಕರು. ಆಮೇಲೆ ಹುಣಸೆಬೀಜ ತುಂಬಿದೆ. ಇಲಿ ಮುಟ್ಟಲಿಲ್ಲ, ಆ ಚೀಲಗಳು ವರ್ಷಗಟ್ಟಲೆ ಬಂದವು. ಚೆಂಡು ಪುಟಿಯುತ್ತದೆ, ಉರುಳುತ್ತದೆ, ಮೋರಿಗೆ ಬೀಳುತ್ತದೆ, ಪಕ್ಕದ ಮನೆ ಕಾಂಪೌಂಡಿಗೆ ಹಾರುತ್ತದೆ. ಚೀಲ ಬಿದ್ದಲ್ಲೇ ಬಿದ್ದಿರುತ್ತದೆ. ನಿಮ್ಮ ಶಾಲೆಯಂಥ ಕಾರು ನಿಲ್ಲಿಸುವ ಅಂಗಳಕ್ಕೆ ಅದೇ ಸರಿ.

ಇನ್ನೊಂದು ಕಾರಣವೂ ಇದೆ. ಆರು ವರ್ಷದ ಮಗು ಚೆಂಡು ಹಿಡಿಯುವುದನ್ನು ಹತ್ತಿರದಿಂದ ನೋಡಿದ್ದೀಯಾ? ಎರಡೂ ಕೈ ಕೋಲಿನ ಹಾಗೆ ಮುಂದೆ ಚಾಚುತ್ತದೆ. ಚೆಂಡು ಬರುವ ಹೊತ್ತಿಗೆ ಮುಖ ಆ ಕಡೆ ತಿರುಗಿಸಿ ಕಣ್ಣು ಮುಚ್ಚುತ್ತದೆ. ಹಿಂದೆ ಒಂದು ಸಲ ಮೂಗಿಗೆ ಬಡಿದಿರುತ್ತದಲ್ಲ, ಆ ಹೆದರಿಕೆ. ಕಣ್ಣು ಮುಚ್ಚಿದ ಮೇಲೆ ಹಿಡಿಯುವುದು ಹೇಗೆ? ಮೊದಲು ತೆಳ್ಳಗಿನ ದುಪಟ್ಟಾ ತುಂಡು ಮೇಲಕ್ಕೆ ಎಸೆದು ಹಿಡಿಯಲಿ. ಅದು ನಿಧಾನವಾಗಿ ಇಳಿಯುತ್ತದೆ, ಕಣ್ಣು ಅದರ ಜೊತೆಗೇ ಇಳಿಯುತ್ತದೆ. ಆಮೇಲೆ ಬಲೂನು, ಆಮೇಲೆ ಚೀಲ. ಟೆನಿಸ್ ಚೆಂಡಿಗೆ ಇನ್ನೂ ಟೈಮಿದೆ.

ಎಸೆತವೂ ಅಷ್ಟೇ. ಬಲಗೈಯಲ್ಲಿ ಎಸೆಯುವ ಮಗು ಬಲಗಾಲನ್ನೇ ಮುಂದಿಡುತ್ತದೆ. ‘ಎಡಗಾಲು ಮುಂದೆ’ ಅಂತ ನೂರು ಸಲ ಕೂಗಿದರೂ ಉಪಯೋಗವಿಲ್ಲ, ಯಾಕೆಂದರೆ ಎಡ ಯಾವುದು, ಬಲ ಯಾವುದು ಅಂತಲೇ ಇನ್ನೂ ಗಟ್ಟಿಯಾಗಿರುವುದಿಲ್ಲ. ನಾನು ಸೀಮೆಸುಣ್ಣದಲ್ಲಿ ನೆಲದ ಮೇಲೆ ಒಂದು ಆನೆ ಹೆಜ್ಜೆ ಬರೆಯುತ್ತಿದ್ದೆ. ಎಸೆಯುವಾಗ ಇನ್ನೊಂದು ಬದಿಯ ಕಾಲು ಆ ಆನೆ ಹೆಜ್ಜೆ ತುಳಿಯಬೇಕು. ಒಂದು ಸಲಕ್ಕೆ ಒಂದೇ ಮಾತು. ಕಾಲೂ ನೋಡು, ಕೈಯೂ ಎತ್ತು, ಸೊಂಟವೂ ತಿರುಗಿಸು ಅಂದರೆ ಮಗು ಕಲ್ಲಾಗಿ ನಿಂತುಬಿಡುತ್ತದೆ.

ಈ ವಯಸ್ಸಿಗೆ ಕಲಿಸಬೇಕಾದ್ದು ಕ್ರಿಕೆಟ್ಟೂ ಅಲ್ಲ, ಬ್ಯಾಸ್ಕೆಟ್‌ಬಾಲೂ ಅಲ್ಲ. ಓಡುವುದು, ಓಡುತ್ತಾ ನಿಲ್ಲುವುದು, ಕುಂಟುವುದು, ಹಾರಿ ಬೀಳದಂತೆ ಇಳಿಯುವುದು, ಎಸೆಯುವುದು, ಹಿಡಿಯುವುದು, ಒದೆಯುವುದು, ಒಂಟಿಕಾಲಲ್ಲಿ ನಿಲ್ಲುವುದು. ಇವು ಕೈಗೆ ಬಂದರೆ ಮುಂದೆ ಯಾವ ಆಟವಾದರೂ ಬರುತ್ತದೆ. ಕೇಂದ್ರ ಸರ್ಕಾರದ ಕ್ರೀಡಾ ಯೋಜನೆ ಖೇಲೋ ಇಂಡಿಯಾದವರು ಶಾಲೆ ಮಕ್ಕಳಿಗೆ ಮಾಡಿರುವ ಪರೀಕ್ಷೆ ನೋಡು. ಒಂದರಿಂದ ಮೂರನೇ ಕ್ಲಾಸಿಗೆ ಇರುವುದು ಎತ್ತರ-ತೂಕದ ಲೆಕ್ಕ, ಎರಡು ತಟ್ಟೆಗಳನ್ನು ಒಂದೇ ಕೈಯಲ್ಲಿ ಅತ್ತಿತ್ತ ತಟ್ಟುವುದು, ಒಂಟಿಕಾಲಲ್ಲಿ ನಿಲ್ಲುವುದು, ಅಷ್ಟೇ. ಓಟದ ಪರೀಕ್ಷೆ ನಾಲ್ಕನೇ ಕ್ಲಾಸಿನಿಂದ. ‘ಪುಟಾಣಿಗಳಿಗೂ 100 ಮೀಟರ್ ರೇಸ್ ಇಡಿ’ ಅಂತ ಯಾರಾದರೂ ಹಟ ಹಿಡಿದರೆ ಇದನ್ನು ತೋರಿಸು. ಇನ್ನು ಕುಂಟೆಬಿಲ್ಲೆಯನ್ನು ಯಾಕೆ ಮರೆಯುತ್ತಾರೋ ಕಾಣೆ. ಕುಂಟುವುದು, ಗುರಿ ಇಡುವುದು, ಬಗ್ಗಿ ಎತ್ತುವುದು ಎಲ್ಲ ಅದರಲ್ಲೇ ಇದೆ. ಒಂದು ಸೀಮೆಸುಣ್ಣ, ಒಂದು ಹೆಂಚಿನ ಚೂರು ಇದ್ದರೆ ಸಾಕು. ಆದರೆ ಅಂಕಣ ಹತ್ತಾದರೂ ಬರೆ, ಒಂದೇ ಬರೆದರೆ ಮತ್ತೆ ಅದೇ ಸಾಲು.

ವರ್ಷದ ಪ್ಲಾನು ಬೆಂಗಳೂರಿನ ಹವೆ ನೋಡಿಕೊಂಡು ಬರೆ. ಜೂನ್ ಪೂರ್ತಿ ವಿಶಲ್ಲಿಗೆ ನಿಲ್ಲುವುದು, ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯದೆ ಜಾಗ ಹುಡುಕಿಕೊಂಡು ಓಡುವುದು. ಇದಕ್ಕೆ ತಿಂಗಳು ಯಾಕೆ ಅನ್ನಬೇಡ, ಬೇಕಾಗುತ್ತದೆ. ಜುಲೈಯಿಂದ ದಸರಾವರೆಗೆ ಯಾವಾಗ ಮಳೆ ಹಿಡಿಯುತ್ತದೋ ಹೇಳಲಾಗದು. ಕಾರಿಡಾರಿನಲ್ಲೂ, ಬೆಂಚು ಸರಿಸಿದ ಕ್ಲಾಸಿನಲ್ಲೂ ಆಗುವಂಥದ್ದು ಇಟ್ಟುಕೋ, ಬೀಳದಂತೆ ಸಮತೋಲ ಹಿಡಿದು ನಿಲ್ಲುವುದು, ಎರಡೂ ಕಾಲು ಜೋಡಿಸಿ ಹಾರುವುದು. ಒಂದೇ ಒಂದು ಗೆರೆ ಎಳೆದರೆ ಕೆರೆ-ದಡ ನಡೆಯುತ್ತದೆ. ರಜೆ ಮುಗಿದ ಮೇಲೆ ಮಳೆ ಇಳಿಯುತ್ತದೆ, ಚಳಿ ಹಿತವಾಗಿರುತ್ತದೆ, ಎಸೆತ-ಹಿಡಿತಕ್ಕೆ ಆ ಮೂರು ತಿಂಗಳು. ಫೆಬ್ರವರಿಯಿಂದ ಬಿಸಿಲು. ಚಿಕ್ಕ ಮಕ್ಕಳು ನಮ್ಮಷ್ಟು ಬೆವರುವುದಿಲ್ಲ, ಬೇಗ ಬಿಸಿಯಾಗಿಬಿಡುತ್ತಾರೆ. ಆಗ ಬೆಳಗಿನ ಪೀರಿಯಡ್ಡೇ ಕೇಳು. ಊಟದ ಹಿಂದೆಯೇ ಪಿಟಿ ಹಾಕಿದ್ದರಂತೂ ಇವತ್ತೇ ಹೋಗಿ ಬದಲಾಯಿಸಿಕೊಂಡು ಬಾ.

40 ನಿಮಿಷದ ಪೀರಿಯಡ್ ಅಂತ ಬರೆದುಕೊಂಡರೆ ಕೆಟ್ಟೆ. ಸಾಲು ಮಾಡಿ ಇಳಿಸಲು ಐದು, ಹತ್ತಿಸಿ ನೀರು ಕುಡಿಸಲು ಐದು. ನಡುವೆ ‘ಮಿಸ್, ಲೇಸ್!’ ನನ್ನ ಅರ್ಧ ಆಯಸ್ಸು ಶೂ ಲೇಸು ಕಟ್ಟುವುದರಲ್ಲೇ ಹೋಯಿತು. ಪಿಟಿ ದಿನ ಅಂಟುಪಟ್ಟಿಯ ಶೂ ಹಾಕಿ ಕಳಿಸಿ ಅಂತ ಡೈರಿಯಲ್ಲಿ ಬರೆ. ಹೆಣ್ಣುಮಕ್ಕಳಿಗೆ ಅವತ್ತು ಸ್ಕರ್ಟ್ ಬೇಡ, ಟ್ರ್ಯಾಕ್ ಪ್ಯಾಂಟ್. ಸ್ಕರ್ಟ್ ಹಾಕಿದ ಹುಡುಗಿ ಕಪ್ಪೆ ಹಾರುವಾಗ ಒಂದು ಕೈಯಲ್ಲಿ ಬಟ್ಟೆ ಹಿಡಿದಿರುತ್ತಾಳೆ, ಗಮನಿಸಿದ್ದೀಯಾ? ಉಬ್ಬಸದ ಮಗುವಿನ ಪಂಪು ನಿನ್ನ ಬ್ಯಾಗಿನಲ್ಲಿರಲಿ, ಆಫೀಸಿನ ಬೀರುವಿನಲ್ಲಿ ಬೇಡ.

ನಿನ್ನ ಕ್ಲಾಸಿನಲ್ಲಿ ತಮಿಳು, ತೆಲುಗು, ಉರ್ದು, ಹಿಂದಿ ಎಲ್ಲ ಮನೆಮಾತಿನವರೂ ಇದ್ದಾರೆ ಅಂದೆಯಲ್ಲ. ಉದ್ದ ವಿವರಣೆ ಕೊಡಬೇಡ. ನೀನೇ ಒಂದು ಸಲ ಮಾಡಿ ತೋರಿಸು. ಸೀರೆಯಾದರೆ ಕಷ್ಟ, ಚೂಡಿದಾರ್ ಹಾಕಿಕೊಂಡು ಹೋಗು. ಕನ್ನಡ ಬಾರದ ಮಗು ಪಾಠದ ಹೊತ್ತಿನಲ್ಲಿ ಬಾಯಿ ಬಿಡದಿದ್ದರೂ ಇಲ್ಲಿ ‘ದಡ!’ ಅಂತ ಕಿರುಚುತ್ತದೆ. ಎಷ್ಟೋ ಮಕ್ಕಳ ಮೊದಲ ಕನ್ನಡ ಪದ ನನ್ನ ಅಂಗಳದಲ್ಲೇ ಬಂದಿದ್ದು.

ಈಗ ಸ್ವಲ್ಪ ಜಗಳದ ವಿಷಯ. ಡಿಸೆಂಬರ್ ಬಂತು ಅಂದರೆ ಗಣಿತದವರು ಬಂದು ‘ಪೋರ್ಷನ್ ಮುಗಿದಿಲ್ಲ, ನಿಮ್ಮ ಪಿಟಿ ಪೀರಿಯಡ್ ಕೊಡ್ತೀರಾ’ ಅನ್ನುತ್ತಾರೆ. ಕೊಡಬೇಡ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿರುವ ಪ್ರಕಾರ 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಉಸಿರು ಜೋರಾಗುವಂಥ ಓಡಾಟ ಬೇಕು. ವಾರಕ್ಕೆ 420 ನಿಮಿಷ ಆಯಿತು. ನಿನ್ನ ಕೈಯಲ್ಲಿರುವುದು ವಾರಕ್ಕೆ ಎರಡು ಪೀರಿಯಡ್, 80 ನಿಮಿಷ. ಅದರಲ್ಲೂ ಕಡ ಕೊಟ್ಟರೆ ಉಳಿಯುವುದೇನು? ನಮ್ಮ ಕಾಲದ ಮಕ್ಕಳು ಸಂಜೆ ಬೀದಿಯಲ್ಲಿ ಉಳಿದದ್ದು ಆಡಿಕೊಳ್ಳುತ್ತಿದ್ದರು. ಈಗ ಬೀದಿ ತುಂಬ ಸ್ಕೂಟರು. 2023ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನಲ್ಲೂ ದೈಹಿಕ ಶಿಕ್ಷಣವನ್ನು ಬೇರೆ ವಿಷಯಗಳ ಸಾಲಿನಲ್ಲೇ ಇಟ್ಟಿದ್ದಾರೆ. ನಗುನಗುತ್ತಲೇ ಹೇಳು, ‘ನೀವು ಗಣಿತ ಕೊಡಿ, ನಾನೂ ಪಿಟಿ ಕೊಡ್ತೀನಿ’ ಅಂತ.

ಹೋಂವರ್ಕ್ ಮಾಡದವನನ್ನು ಆಟಕ್ಕೆ ಬಿಡದಿರುವುದು, ಮಾತಾಡಿದವನಿಗೆ ಅಂಗಳ ಸುತ್ತಿಸುವುದು, ಬಸ್ಕಿ ಹೊಡೆಸುವುದು ಇದ್ಯಾವುದೂ ಬೇಡ. ಬಸ್ಕಿ ಒಳ್ಳೆಯ ವ್ಯಾಯಾಮ. ಅದನ್ನು ಶಿಕ್ಷೆ ಮಾಡಿ ಮಾಡಿ ಎಷ್ಟೋ ಜನರಿಗೆ ಅದರ ಮೇಲೆ ಜನ್ಮಕ್ಕಾಗುವಷ್ಟು ಸಿಟ್ಟು ಬಂದಿದೆ.

ವಾರ್ಷಿಕ ಕ್ರೀಡಾ ದಿನದ ಬಗ್ಗೆ ಜಾಸ್ತಿ ಬರೆದರೆ ನನಗೇ ಸಿಟ್ಟು ಬರುತ್ತದೆ. ಮುಖ್ಯ ಅತಿಥಿಯ ಹತ್ತು ನಿಮಿಷಕ್ಕಾಗಿ ತಿಂಗಳುಗಟ್ಟಲೆ ಬಿಸಿಲಿನಲ್ಲಿ ಡ್ರಿಲ್ಲು. ನಿನ್ನ ಹೆಡ್ಮಿಸ್ಸನ್ನು ಮೆಲ್ಲಗೆ ಕೇಳಿ ನೋಡು. ಪುಟಾಣಿಗಳಿಗೆ ರೇಸಿನ ಬದಲು ಅಂಗಳದಲ್ಲಿ ಏಳೆಂಟು ಕಡೆ ಒಂದೊಂದು ಆಟ, ಅಪ್ಪ-ಅಮ್ಮನ ಕೈ ಹಿಡಿದು ಸುತ್ತಿ ಬರಲಿ, ಎಲ್ಲರಿಗೂ ಒಂದೊಂದು ಕಿತ್ತಳೆ. ಒಪ್ಪದಿದ್ದರೆ ಈ ವರ್ಷ ಸುಮ್ಮನಿರು. ನೀನು ಹೊಸಬಳು, ಎಲ್ಲಾ ಜಗಳ ಒಂದೇ ವರ್ಷ ಆಡಬಾರದು.

ಮಾರ್ಕ್ಸ್ ಕೇಳುತ್ತಾರೆ. ಒಂದು ನೋಟ್‌ಬುಕ್ ಇಡು, ದಿನಕ್ಕೆ ಐದೇ ಮಕ್ಕಳನ್ನು ನೋಡು. ‘ಕುಂಟುತ್ತಾಳೆ, ಎಡಗಾಲಲ್ಲಿ ಇನ್ನೂ ಬರಲ್ಲ’ ಅಂತ ಒಂದು ಸಾಲು ಬರೆದಿಟ್ಟುಕೋ. ಮೂರು ತಿಂಗಳ ನಂತರ ಅದೇ ಮಗುವನ್ನು ನೋಡಿ ಇನ್ನೊಂದು ಸಾಲು. ಪಕ್ಕದವನ ಜೊತೆ ಹೋಲಿಸಬೇಡ.

ಆ ಎರಡು ಜಡೆಯ ಹುಡುಗಿ ಆಮೇಲೆ ಏನು ಓಟಗಾರ್ತಿ ಆಗಲಿಲ್ಲ. ಏಳನೇ ಕ್ಲಾಸಿನಲ್ಲಿ ಖೋ ಖೋ ತಂಡಕ್ಕೆ ಹೆಸರು ಕೊಟ್ಟಳು, ಆಯ್ಕೆಯಾಗಲಿಲ್ಲ. ಹೆಸರು ಕೊಟ್ಟಿದ್ದಳಲ್ಲ, ಆ ಚೀಟಿ ಬಹಳ ದಿನ ನನ್ನ ಟೇಬಲ್ ಡ್ರಾಯರಿನಲ್ಲಿತ್ತು.

ಹುಣಸೆಬೀಜ ನಾಲ್ಕು ಕೇಜಿ ಒಣಗಿಸಿ ಡಬ್ಬಕ್ಕೆ ಹಾಕಿಟ್ಟಿದ್ದೇನೆ. ಹೊಲಿಗೆ ಮಿಷನ್ನಿಗೆ ಎಣ್ಣೆ ಬಿಡಿಸಿದ್ದೂ ಆಯಿತು. ಭಾನುವಾರ ತಿಂಡಿಗೇ ಬಾ. ಬರುವಾಗ ನಿಮ್ಮಪ್ಪನ ಹಳೇ ಪ್ಯಾಂಟು ಮೂರ್ನಾಲ್ಕು ತಾ, ದಪ್ಪ ಬಟ್ಟೆಯದು. ಅವರನ್ನು ಕೇಳಿದರೆ ಕೊಡೋಲ್ಲ, ಸುಮ್ನೆ ಎತ್ತಿಕೊಂಡು ಬಾ.

ಇಂತಿ,
ನಿನ್ನ ದೊಡ್ಡಮ್ಮ