ಗೌಜಲಹಕ್ಕಿ ಮಾರಾಟ ನಿಲ್ಲಿಸಿ: ಅರಣ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಚಿವರೇ, ನಮಸ್ಕಾರ.

ನಾನು ದಾವಣಗೆರೆ ಜಿಲ್ಲೆಯ ಜಗಳೂರು ಕಡೆಯ ರೈತ. ಶೇಂಗಾ, ಮೆಕ್ಕೆಜೋಳ ಬೆಳೆಯುತ್ತೇನೆ. ನಮ್ಮ ಕಡೆ ಸಂತೆಯಲ್ಲಿ ಗೌಜಲಹಕ್ಕಿ ಮಾರೋದನ್ನ ನಿಲ್ಲಿಸಿ ಅಂತ ವರ್ಷಗಳಿಂದ ಕೇಳುತ್ತಿದ್ದೇನೆ. ಬಾಯಲ್ಲಿ ಹೇಳಿದೆ, ಅರ್ಜಿ ಕೊಟ್ಟೆ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಕಾಯ್ದೆ ನಿಮಗೆ ಗೊತ್ತೇ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಈ ಹಕ್ಕಿ ಹಿಡಿಯೋದೂ ತಪ್ಪು, ಮಾರೋದೂ ತಪ್ಪು. ಹಾಗಾದರೆ ಹಾಡಹಗಲೇ ಹೇಗೆ ಮಾರುತ್ತಾರೆ ಸ್ವಾಮಿ?

ಗೌಜಲು ಕಣ್ಣಿಗೆ ಬೀಳೋದು ಕಡಿಮೆ, ಕಿವಿಗೆ ಬೀಳೋದೇ ಜಾಸ್ತಿ. ಮಣ್ಣು, ಒಣಹುಲ್ಲಿನದೇ ಬಣ್ಣ. ಜನ ಕಂಡರೆ ಓಡಿ ಪೊದೆ ಸೇರುತ್ತದೆ, ತೀರಾ ಹತ್ತಿರ ಹೋದರೆ ಮಾತ್ರ ರೆಕ್ಕೆ ಬಡಿದು ಎದ್ದು, ಸ್ವಲ್ಪ ದೂರ ತಗ್ಗಿನಲ್ಲೇ ಹಾರಿ ಮತ್ತೆ ನೆಲಕ್ಕಿಳಿಯುತ್ತದೆ. ರಾತ್ರಿ ಮುಳ್ಳುಗಿಡದ ಕೊಂಬೆ ಏರುತ್ತದೆ. ಗೂಡು ಅಂದರೆ ಪೊದೆ ಮರೆಯಲ್ಲಿ ಕೆರೆದ ಒಂದು ಗುಳಿ, ಅದರಲ್ಲಿ 6ರಿಂದ 8 ಮೊಟ್ಟೆ. ಹೊಲದ ಗೆದ್ದಲು, ಹುಳ ಹೆಕ್ಕಿ ತಿನ್ನುತ್ತದೆ. ರೈತನಿಗೆ ಇದರಿಂದ ಉಪಕಾರವೇ ಅಲ್ವಾ?

ಇಷ್ಟು ಅಡಗಿ ಬದುಕುವ ಹಕ್ಕಿ ಸಿಕ್ಕಿಬೀಳೋದು ತನ್ನ ಕೂಗಿನಿಂದಲೇ. ಬೇರೆ ಗಂಡು ತನ್ನ ಜಾಗದಲ್ಲಿ ಕೂಗಿದರೆ ಗಂಡುಹಕ್ಕಿ ಸಹಿಸೋದಿಲ್ಲ, ಜಗಳಕ್ಕೆ ಓಡಿ ಬರುತ್ತದೆ. ಹಿಡಿಯೋರು ಪಂಜರದಲ್ಲಿ ಸಾಕಿದ ಗೌಜಲು ಇಟ್ಟು ಕೂಗಿಸುತ್ತಾರೆ, ಸುತ್ತ ಉರುಳು ಹಾಕಿರುತ್ತಾರೆ. ಈಗ ಮೊಬೈಲಿನಲ್ಲೇ ಕೂಗು ಹಾಕುತ್ತಾರೆ.

ಕಳೆದ ಬೇಸಿಗೆಯಲ್ಲಿ ನನ್ನ ಹೊಲದ ಬದುವಿನಲ್ಲೇ ಉರುಳು ಸಿಕ್ಕಿತು. ಪಕ್ಕದಲ್ಲೇ ಮೊಟ್ಟೆಯಿದ್ದ ಗೂಡು, ತಾಯಿ ಇಲ್ಲ. ಮೊಟ್ಟೆ ತಣ್ಣಗಾಗಿದ್ದವು. ಅದೇ ವಾರ ಸಂತೆಗೆ ಹೋದರೆ ಕಾಲು ಕಟ್ಟಿದ ಗೌಜಲುಗಳನ್ನ ಚೀಲದ ಮೇಲೆ ಸಾಲಾಗಿ ಮಲಗಿಸಿದ್ದರು, ಬಿಸಿಲಿಗೆ ಬಾಯಿ ಬಿಡುತ್ತಿದ್ದವು. ಜವಾಬ್ದಾರಿ ಇರುವ ಒಬ್ಬರಿಗೆ ಅಲ್ಲಿಂದಲೇ ಫೋನ್ ಮಾಡಿದೆ. "ನಾಕು ಹಕ್ಕಿಗೆ ಕೇಸ್ ಹಾಕೋಕಾಗುತ್ತಾ, ಬಿಡ್ರೀ" ಅಂದರು. ಮಾರುವವನು ಪಕ್ಕದಲ್ಲೇ ನಿಂತು ಕೇಳಿಸಿಕೊಂಡ. ಸಂಜೆ ಇಬ್ಬರು ಮನೆ ಬಾಗಿಲಿಗೆ ಬಂದು, ಇನ್ನು ಸುಮ್ನೆ ಇರು ಅಂತ ನನ್ನ ಹೆಂಡತಿಯ ಮುಂದೆ ಹೆದರಿಸಿ ಹೋದರು. ಕಾಯ್ದೆ ಉಳಿಸಿ ಅಂದವನು ಹೆದರಬೇಕಾ? ನನಗೆ ಸಿಟ್ಟಿಗಿಂತ ಸಾಕಾಗಿ ಹೋಗಿದೆ.

ನಾಲ್ಕು ಕೊಂಬಿನ ಹುಲ್ಲೆ ಕೊಂಡುಕುರಿಗಾಗಿ ಇದೇ ತಾಲ್ಲೂಕಿನ ರಂಗಯ್ಯನದುರ್ಗದಲ್ಲಿ 2011ರಲ್ಲಿ ವನ್ಯಧಾಮ ಮಾಡಿದಿರಿ. ಸಂತೋಷ. ವನ್ಯಧಾಮದ ಆಚೆ ಹೊಲ, ಕುರುಚಲು, ಗೋಮಾಳದಲ್ಲಿರುವ ಜೀವಕ್ಕೂ ಕಾಯ್ದೆ ಅದೇ ತಾನೇ?

ಸಂತೆಯ ದಿನ ಸಿಬ್ಬಂದಿ ಕಳಿಸಿ, ಮಾರಾಟ ನಿಲ್ಲಿಸಿ. ಬೇಸಿಗೆಯಿಂದ ಮಳೆಗಾಲದವರೆಗೆ, ಮೊಟ್ಟೆ ಇಡುವ ತಿಂಗಳುಗಳಲ್ಲಿ, ಬೆಳಗಿನ ಜಾವ ಗಸ್ತು ಹಾಕಿಸಿ. ಸಿಕ್ಕವರ ಮೇಲೆ ಕೇಸ್ ದಾಖಲಿಸಿ. ದೂರು ಕೊಟ್ಟವನ ಹೆಸರು ಹೊರಗೆ ಬಿಡಬೇಡಿ. ಮಾರಾಟ ನಿಲ್ಲಿಸಿ ಅಂತ ಮತ್ತೊಮ್ಮೆ ಕೇಳುತ್ತಿದ್ದೇನೆ. ಏನು ಕ್ರಮ ತಗೊಂಡಿರಿ ಅಂತ ಈ ಸಲ ಬರಹದಲ್ಲಿ ಉತ್ತರ ಕೊಡಿ.

ಇಂತಿ,
ಜಗಳೂರು ತಾಲ್ಲೂಕಿನ ಒಬ್ಬ ರೈತ